ಯುದ್ಧ ಶುರುಮಾಡಿದ್ದು ಯಾರು? ಶಾಂತಿ ಒಪ್ಪಂದಗಳು ತಪ್ಪು ಹೊರಿಸುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ತಾಲೂಕಿನ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವ ನಾನು. ಪರೀಕ್ಷೆಗೆ ಓದುವ ಮಕ್ಕಳು, ಪಿಎಸ್‌ಸಿಗೆ ತಯಾರಾಗುವವರು, ವಾಚನಾಲಯಕ್ಕೆ ಪೇಪರ್ ಓದಲು ಬರುವ ಹಿರಿಯರು ಎಲ್ಲರೂ ಸುತ್ತಿ ಬಳಸಿ ಕೇಳುವುದು ಒಂದೇ: ಯುದ್ಧ ಮುಗಿದ ಮೇಲೆ ತಪ್ಪು ಯಾರದೆಂದು ಬರೆಯುವವರು ಯಾರು? ಎದುರು ಕೂತು ಕೊಟ್ಟ ಉತ್ತರಗಳನ್ನೇ ಇಲ್ಲಿ ಸ್ವಲ್ಪ ಓರಣ ಮಾಡಿ ಬರೆದಿದ್ದೇನೆ.

ಶಾಂತಿ ಒಪ್ಪಂದ ಎಂದಮೇಲೆ ಯುದ್ಧಕ್ಕೆ ಕಾರಣ ಯಾರೆಂದು ಅದರಲ್ಲಿ ಇದ್ದೇ ಇರುತ್ತದಲ್ಲ ಮಾಷ್ಟ್ರೇ?

ಹೆಚ್ಚಿನವುಗಳಲ್ಲಿ ಇರುವುದಿಲ್ಲ. ಹಳೆಯ ಒಪ್ಪಂದಗಳಂತೂ ಆ ಮಾತು ಬಾರದ ಹಾಗೆ ಎಚ್ಚರ ವಹಿಸುತ್ತಿದ್ದವು. ಯುರೋಪಿನ ಮೂವತ್ತು ವರ್ಷಗಳ ಯುದ್ಧವನ್ನು ಮುಗಿಸಿದ 1648ರ ವೆಸ್ಟ್‌ಫಾಲಿಯಾ ಒಪ್ಪಂದದ ಎರಡನೆಯ ಕಲಮೇ ಮರೆವಿನ ಬಗ್ಗೆ ಇದೆ. ಗಲಾಟೆ ಶುರುವಾದಂದಿನಿಂದ ಯಾರು ಯಾರಿಗೆ ಮಾತಿನಲ್ಲಿ, ಬರಹದಲ್ಲಿ, ಕೃತ್ಯದಲ್ಲಿ ಏನೇ ಕೇಡು ಮಾಡಿದ್ದರೂ ಅದೆಲ್ಲ ಶಾಶ್ವತವಾಗಿ ಮರೆತುಹೋಗಲಿ, ಕ್ಷಮಿಸಿ ಬಿಡಲಿ ಎಂಬುದು ಅದರ ತಾತ್ಪರ್ಯ. ಅಣ್ಣತಮ್ಮಂದಿರ ಪಾಲು ಪಂಚಾತಿಕೆಗೆ ಕೂತ ಹಿರಿಯರು "ಹಳತು ಕೆದಕುವುದು ಬೇಡ, ತೋಟ ಹೇಗೆ ಹಂಚುವುದು ಅದನ್ನು ಹೇಳಿ" ಎನ್ನುತ್ತಾರಲ್ಲ, ಅದೇ ಉಪಾಯ. ಕೆದಕಿದರೆ ಪಂಚಾತಿಕೆ ಮುರಿಯುತ್ತದೆ ಎಂಬುದು ಅವರಿಗೆ ಗೊತ್ತು.

1871ರ ಫ್ರಾಂಕ್‌ಫರ್ಟ್ ಒಪ್ಪಂದವೂ ಹಾಗೆಯೇ. 1870ರ ಜುಲೈ 19ರಂದು ಜರ್ಮನ್ ರಾಜ್ಯವಾದ ಪ್ರಷ್ಯದ ಮೇಲೆ ಯುದ್ಧ ಘೋಷಿಸಿದ್ದು ಫ್ರಾನ್ಸ್. ಅದನ್ನು ಕೆರಳಿಸಲೆಂದೇ ಒಂದು ತಂತಿ ಸುದ್ದಿಯನ್ನು ಕತ್ತರಿಸಿ ಚೂಪು ಮಾಡಿ ಪೇಪರಿಗೆ ಕೊಟ್ಟವನು ಪ್ರಷ್ಯದ ಪ್ರಧಾನಿ ಬಿಸ್ಮಾರ್ಕ್. ಸೋತ ಫ್ರಾನ್ಸ್ 500 ಕೋಟಿ ಫ್ರಾಂಕ್ ಕೊಡಬೇಕಾಯಿತು, ಆಲ್ಸೇಸನ್ನೂ ಲೊರೇನಿನ ಒಂದು ಭಾಗವನ್ನೂ ಬಿಟ್ಟುಕೊಟ್ಟಿತು. ಆದರೆ "ನೀನೇ ತಪ್ಪುಗಾರ" ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳಲಿಲ್ಲ. ಸೋತಿದ್ದೀ, ಕೊಡು. ಅಷ್ಟೇ ಲೆಕ್ಕ.

ಹಾಗಾದರೆ ಮೊದಲ ಮಹಾಯುದ್ಧದ ನಂತರದ ವರ್ಸೈ ಒಪ್ಪಂದದ 231ನೇ ಕಲಮು? "ಯುದ್ಧಾಪರಾಧ ಜರ್ಮನಿಯದ್ದೇ" ಎಂದು ಅದರಲ್ಲಿದೆ ಎಂದೇ ನಾವು ಓದಿದ್ದು.

ನಾನೂ ವರ್ಷಗಟ್ಟಲೆ ಹಾಗೆಯೇ ಪಾಠ ಮಾಡಿದ್ದೇನೆ. ಮೂಲ ವಾಕ್ಯ ಓದಿದ್ದು ತಡವಾಗಿ.

1919ರ ಜೂನ್ 28ರಂದು ಸಹಿಯಾದ ಆ ಒಪ್ಪಂದದಲ್ಲಿ 440 ಕಲಮುಗಳಿವೆ. 231ನೆಯದು ಹೇಳುವುದು ಸರಿಸುಮಾರು ಹೀಗೆ: ಜರ್ಮನಿ ಮತ್ತು ಅದರ ಮಿತ್ರರ ಆಕ್ರಮಣದಿಂದ ನಮ್ಮ ಮೇಲೆ ಹೇರಲ್ಪಟ್ಟ ಯುದ್ಧದಲ್ಲಿ ನಮ್ಮ ಸರ್ಕಾರಗಳಿಗೂ ಪ್ರಜೆಗಳಿಗೂ ಆದ ಎಲ್ಲ ನಷ್ಟಕ್ಕೆ, ಹಾನಿಗೆ ಜರ್ಮನಿ ಮತ್ತು ಅದರ ಮಿತ್ರರು ಹೊಣೆ ಎಂದು ಗೆದ್ದ ಮಿತ್ರರಾಷ್ಟ್ರಗಳು (ಬ್ರಿಟನ್, ಫ್ರಾನ್ಸ್ ಮುಂತಾದವು) ಸಾರುತ್ತವೆ, ಜರ್ಮನಿ ಒಪ್ಪುತ್ತದೆ. ಇಂಗ್ಲಿಷಿನಲ್ಲಿ ಇರುವುದು "ರೆಸ್ಪಾನ್ಸಿಬಿಲಿಟಿ". "ಗಿಲ್ಟ್", ಅಂದರೆ ಅಪರಾಧ, ಎಂಬ ಪದ ಆ ಕಲಮಿನಲ್ಲಿ ಇಲ್ಲವೇ ಇಲ್ಲ. ಹೊಣೆ ಜರ್ಮನಿ ಒಬ್ಬಳದ್ದೇ ಎಂದೂ ಇಲ್ಲ, "ಮತ್ತು ಅದರ ಮಿತ್ರರು" ಎಂದು ಎರಡೆರಡು ಸಲ ಬರುತ್ತದೆ.

ಆ ಕಲಮು ಕೂತಿರುವ ಜಾಗ ನೋಡಿದರೆ ವಿಷಯ ಇನ್ನೂ ಸ್ಪಷ್ಟ. ಒಪ್ಪಂದದ ಆರಂಭದಲ್ಲಿ ಅಲ್ಲ. ಪರಿಹಾರಧನದ ಅಧ್ಯಾಯದ ಬಾಗಿಲಲ್ಲಿ. ಹಿನ್ನೆಲೆ ಇಷ್ಟು: ಯುದ್ಧ ನಿಲ್ಲುವ ಮೊದಲು, 1918ರ ನವೆಂಬರಿನಲ್ಲಿ, ನಾಗರಿಕರಿಗೆ ಆದ ಹಾನಿಯನ್ನು ಮಾತ್ರ ತುಂಬಿಕೊಡಬೇಕು ಎಂಬ ಮಾತಾಗಿತ್ತು. ಬ್ರಿಟನ್ ಮತ್ತು ಫ್ರಾನ್ಸಿನ ಜನಕ್ಕೆ ಬೇಕಾದದ್ದು ಇಡೀ ಯುದ್ಧದ ಖರ್ಚು. ಈ ಗಂಟು ಬಿಡಿಸಲು ಅಮೆರಿಕದ ನಾರ್ಮನ್ ಡೇವಿಸ್, ಜಾನ್ ಫಾಸ್ಟರ್ ಡಲ್ಲೆಸ್ ಎಂಬ ಇಬ್ಬರು ಒಂದು ಉಪಾಯ ಹೂಡಿದರು. 231ರಲ್ಲಿ ಎಲ್ಲದಕ್ಕೂ ಜರ್ಮನಿ ಹೊಣೆ ಎಂದು ಬರೆದು ಮನೆಯ ಜನರನ್ನು ಸಮಾಧಾನ ಮಾಡುವುದು. 232ರಲ್ಲಿ ಅಷ್ಟೆಲ್ಲ ತೆರುವ ಶಕ್ತಿ ಜರ್ಮನಿಗಿಲ್ಲ ಎಂದು ಒಪ್ಪಿ, ವಸೂಲಿಯನ್ನು ನಾಗರಿಕರ ಹಾನಿಗೆ ಇಳಿಸುವುದು. ಡಲ್ಲೆಸ್‌ಗೆ ಆಗ 31 ವರ್ಷ. ಮುಂದೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾದವನು ಇವನೇ. ಸಾಲಗಾರನ ಹೊರೆ ಇಳಿಸುವ ಲೆಕ್ಕದಲ್ಲಿ ಬರೆದ ವಾಕ್ಯವೇ ಅವನ ಕೊರಳಿಗೆ ಉರುಳಾದದ್ದು ಈ ಕತೆಯ ವಿಚಿತ್ರ.

ಅಂದಹಾಗೆ, ಆ ಒಪ್ಪಂದಕ್ಕೆ ಭಾರತದ ಹೆಸರಿನಲ್ಲೂ ಸಹಿ ಬಿದ್ದಿದೆ: ಎಡ್ವಿನ್ ಮಾಂಟೆಗು ಮತ್ತು ಬಿಕಾನೇರಿನ ಮಹಾರಾಜ ಗಂಗಾಸಿಂಗ್.

"ಅಪರಾಧ" ಎಂಬ ಪದವೇ ಇಲ್ಲದಿದ್ದರೆ ಜರ್ಮನರು ಅಷ್ಟು ಕೆರಳಿದ್ದೇಕೆ?

ಏಳು ಭಾಷೆಗಳ ನಾಡಿನಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಮಾತು ಗಡಿ ದಾಟುವಾಗ ಅರ್ಥವನ್ನೂ ಬದಲಿಸಿಕೊಳ್ಳುತ್ತದೆ. ಜರ್ಮನ್ ಅನುವಾದದಲ್ಲಿ ಜರ್ಮನಿಯೂ ಅದರ ಮಿತ್ರರೂ ಹಾನಿಗೆ "ಕರ್ತೃಗಳಾಗಿ" ಹೊಣೆ ಎಂಬ ಅರ್ಥದ ಪದ ಸೇರಿತು, ಮಾತಿನ ಮೊನೆ ಇನ್ನೂ ಚೂಪಾಯಿತು. ಜನರ ಬಾಯಲ್ಲಿ ಅದು "ಕ್ರೀಗ್ಸ್‌ಶುಲ್ಟ್" ಆಯಿತು. ಜರ್ಮನ್ ಭಾಷೆಯ "ಶುಲ್ಟ್" ಎಂದರೆ ತಪ್ಪೂ ಹೌದು, ಸಾಲವೂ ಹೌದು.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ ನನಗೆ ತೋಚುವುದು ನಮ್ಮ ತುಳುನಾಡಿನ "ತಪ್ಪುಕಾಣಿಕೆ". ದೈವಕ್ಕೋ ದೇವರಿಗೋ ತಪ್ಪುಕಾಣಿಕೆ ಹಾಕುವವನು ಬರೀ ದುಡ್ಡು ಹಾಕುವುದಿಲ್ಲ, ತಪ್ಪಾಯಿತೆಂದು ಒಪ್ಪಿ ಹಾಕುತ್ತಾನೆ. ದಂಡ ಬೇರೆ, ತಪ್ಪುಕಾಣಿಕೆ ಬೇರೆ. 1871ರಲ್ಲಿ ಫ್ರಾನ್ಸ್ ತೆತ್ತದ್ದು ದಂಡ. 1919ರಲ್ಲಿ ಜರ್ಮನಿಯಿಂದ ಕೇಳಿದ್ದು ತಪ್ಪುಕಾಣಿಕೆ ಎಂದು ಜರ್ಮನರಿಗೆ ಅನ್ನಿಸಿತು. ಮೇ 7ರಂದು ಕರಡು ಕೈಗೆ ಬಂದಾಗ ಜರ್ಮನ್ ನಿಯೋಗದ ಬ್ರಾಕ್‌ಡಾರ್ಫ್-ರಾಂಟ್ಸಾವ್ ಎದ್ದು ನಿಲ್ಲದೆ ಕೂತೇ ಮಾತಾಡಿದ: ಯುದ್ಧಕ್ಕೆ ನಾವೊಬ್ಬರೇ ತಪ್ಪಿತಸ್ಥರೆಂದು ಒಪ್ಪಬೇಕೆನ್ನುತ್ತೀರಿ, ನನ್ನ ಬಾಯಲ್ಲಿ ಅಂಥ ಒಪ್ಪಿಗೆ ಸುಳ್ಳಾದೀತು. ಜೂನ್ 16ರ ಮಿತ್ರರಾಷ್ಟ್ರಗಳ ಉತ್ತರ ಇನ್ನೂ ಖಾರ. ಈ ಯುದ್ಧ ಮಾನವಕುಲದ ವಿರುದ್ಧ ನಡೆದ ಅತಿ ದೊಡ್ಡ ಅಪರಾಧ ಎಂದು ಅದರಲ್ಲಿತ್ತು. ಕಲಮಿನಲ್ಲಿ ಇಲ್ಲದ ಕಟು ಮಾತು ಪತ್ರದಲ್ಲಿ ಬಂತು. ಆಮೇಲೆ ಕಲಮನ್ನು ಓದಿದವರೆಲ್ಲ ಆ ಪತ್ರದ ಕನ್ನಡಕ ಹಾಕಿಕೊಂಡೇ ಓದಿದರು.

ಆ ವಾಕ್ಯವನ್ನು ಸುಳ್ಳು ಮಾಡಲು ಜರ್ಮನಿಯ ವಿದೇಶಾಂಗ ಕಚೇರಿ ಪ್ರತ್ಯೇಕ ವಿಭಾಗವನ್ನೇ ತೆರೆಯಿತು, ಹಳೆಯ ಕಡತಗಳನ್ನು ಸಂಪುಟಗಟ್ಟಲೆ ಅಚ್ಚು ಹಾಕಿಸಿತು. 1937ರ ಜನವರಿ 30ರಂದು ಹಿಟ್ಲರ್ ಸಂಸತ್ತಿನಲ್ಲಿ ನಿಂತು ಆ ಒಪ್ಪಿಗೆಯ ಸಹಿಯನ್ನು ಹಿಂತೆಗೆದುಕೊಂಡೆ ಎಂದ. 231ನೇ ಕಲಮಿನಿಂದಲೇ ಹಿಟ್ಲರ್ ಬಂದ ಎಂದು ಗೈಡ್ ಪುಸ್ತಕದ ಧಾಟಿಯಲ್ಲಿ ಹೇಳಲು ನಾನು ತಯಾರಿಲ್ಲ. ಹಣದುಬ್ಬರ, 1929ರ ಕುಸಿತ, ನಿರುದ್ಯೋಗ ಎಲ್ಲ ಇದ್ದವು. ಆದರೆ ಭಾಷಣಕ್ಕೆ ಸದಾ ಸಿಗುವ ಸರಕು ಅದಾಗಿತ್ತು.

ಆಸ್ಟ್ರಿಯ, ಹಂಗೇರಿ, ತುರ್ಕಿಗಳ ಕತೆ?

ಅವುಗಳ ಒಪ್ಪಂದಗಳಲ್ಲೂ ಅದೇ ಕಲಮು ಇದೆ: ಆಸ್ಟ್ರಿಯಕ್ಕೆ 177, ಹಂಗೇರಿಗೆ 161, ಬಲ್ಗೇರಿಯಕ್ಕೆ 121, ಜಾರಿಗೇ ಬಾರದ ತುರ್ಕಿಯ ಸೆವ್ರ್ ಒಪ್ಪಂದದಲ್ಲಿ 231. ಅಲ್ಲಿ ಈ ಕಲಮಿನ ಮೇಲೆ ಜರ್ಮನಿಯಲ್ಲಾದಷ್ಟು ರಂಪ ಆಗಲಿಲ್ಲ. ಹಂಗೇರಿಯವರಿಗೆ ಉರಿದದ್ದು ಕಳೆದುಕೊಂಡ ನೆಲಕ್ಕಾಗಿ.

ಒಟ್ಟು ಎಷ್ಟು ದುಡ್ಡು?

1921ರಲ್ಲಿ ಗೊತ್ತು ಮಾಡಿದ್ದು 13,200 ಕೋಟಿ ಚಿನ್ನದ ಮಾರ್ಕ್. ಅದರಲ್ಲಿ 8,200 ಕೋಟಿ ಕಾಗದದ ಮೇಲಿನ ಲೆಕ್ಕ, ನಿಜವಾಗಿ ನಿರೀಕ್ಷಿಸಿದ್ದು 5,000 ಕೋಟಿ. 1924ರಲ್ಲಿ, 1929ರಲ್ಲಿ ಕಂತು ಬದಲಾಯಿತು, 1932ರಲ್ಲಿ ವಸೂಲಿಯೇ ನಿಂತಿತು. ಆ ಕಂತು ಕಟ್ಟಲೆಂದು ಎತ್ತಿದ ಸಾಲಪತ್ರಗಳ ಬಡ್ಡಿಯ ಕೊನೆಯ ಪಾವತಿ ಆದದ್ದು 2010ರ ಅಕ್ಟೋಬರ್ 3ರಂದು.

ನಮ್ಮ ಊರಿಗೆ ಸಂಬಂಧಪಟ್ಟ ಇಂಥ ಒಪ್ಪಂದ ಇದೆಯೇ?

ಒಂದಲ್ಲ, ಮೂರು. ವರ್ಸೈಯಿಂದ ಶುರುಮಾಡುವ ಪಠ್ಯಪುಸ್ತಕಗಳ ಮೇಲೆ ನನಗಿರುವ ತಕರಾರೇ ಇದು.

ಮೊದಲನೆಯದು 1784ರ ಮಾರ್ಚ್ 11ರ ಮಂಗಳೂರು ಒಪ್ಪಂದ. ಎರಡನೇ ಮೈಸೂರು ಯುದ್ಧ ಸಮಸಮಕ್ಕೆ ನಿಂತಿತ್ತು. ಟಿಪ್ಪುವೂ ಈಸ್ಟ್ ಇಂಡಿಯಾ ಕಂಪೆನಿಯೂ ಗೆದ್ದ ಜಾಗಗಳನ್ನು ಪರಸ್ಪರ ಬಿಟ್ಟುಕೊಟ್ಟು, ಸೆರೆಯಾಳುಗಳನ್ನು ಬಿಡಿಸಿಕೊಂಡರು. ಯಾರೂ ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಇಬ್ಬರ ಕೈಯಲ್ಲೂ ಲೇಖನಿ ಇದ್ದರೆ ಹೀಗೇ ಆಗುವುದು.

ಎರಡನೆಯದು 1792ರ ಶ್ರೀರಂಗಪಟ್ಟಣ ಒಪ್ಪಂದ. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಗಂಡುಮಕ್ಕಳು. ಮಲಬಾರ್ ಕಂಪೆನಿಗೆ ಹೋಯಿತು. ಕೆನರಾ ಸೀಮೆಯಲ್ಲಿದ್ದ ನಮ್ಮ ಬೇಕಲ, ಕುಂಬಳೆ ಕಡೆ ಇನ್ನೂ ಟಿಪ್ಪುವಿನ ಕೈಯಲ್ಲೇ ಉಳಿಯಿತು.

ಮೂರನೆಯದು 1799ರ ಜೂನ್ 22ರ ಮೈಸೂರು ವಿಭಜನೆಯ ಒಪ್ಪಂದ. ಇಲ್ಲಿ ಗಮನವಿಟ್ಟು ಓದಿ. ಪೀಠಿಕೆಯ ಮೊದಲ ವಾಕ್ಯವೇ ಆಪಾದನೆ: ಕಂಪೆನಿ ಮತ್ತು ಅದರ ಮಿತ್ರಪಕ್ಷಗಳ ಕಡೆಯಿಂದ ಆಕ್ರಮಣದ ಯಾವ ಪ್ರಚೋದನೆಯೂ ಇಲ್ಲದೆ ದಿವಂಗತ ಟಿಪ್ಪು ಸುಲ್ತಾನ ಫ್ರೆಂಚರ ಜತೆ ಕೂಟ ಕಟ್ಟಿದ, ಕಂಪೆನಿಯ ಮೇಲೆ ಯುದ್ಧ ಹೂಡಲೆಂದು ಫ್ರೆಂಚ್ ಪಡೆಯನ್ನು ತನ್ನ ಸೈನ್ಯಕ್ಕೆ ಸೇರಿಸಿಕೊಂಡ. ಆದಕಾರಣ ಯುದ್ಧವಾಯಿತು, ದೇವರು ನಮಗೆ ಜಯ ಕೊಟ್ಟ, ಈಗ ನೆಲ ಹಂಚಿಕೊಳ್ಳುತ್ತೇವೆ. ಇಂಗ್ಲಿಷ್ ಮೂಲದಲ್ಲಿ ಅಲ್ಲಿರುವ "ಅಗ್ರೆಷನ್" ಎಂಬ ಪದವೇ 120 ವರ್ಷದ ನಂತರ ವರ್ಸೈಯಲ್ಲೂ ಬರುತ್ತದೆ.

ನಮ್ಮಲ್ಲಿ ಜಾಗದ ಆಧಾರ ಬರೆಸಿದವರಿಗೆ ಈ ಕ್ರಮ ಗೊತ್ತು. ಮೊದಲು ಈ ಜಾಗ ಬರೆದುಕೊಡುವವನ ಕೈಗೆ ಹೇಗೆ ಬಂತು ಎಂಬ ಹಿನ್ನೆಲೆ, ಆಮೇಲೆ ಚಕ್‌ಬಂದಿ. 1799ರ ಪೀಠಿಕೆ ಆ ಹಿನ್ನೆಲೆಯ ಕೆಲಸ ಮಾಡುತ್ತದೆ. ನೆಲ ಕಿತ್ತುಕೊಂಡದ್ದಲ್ಲ, ತಪ್ಪು ಮಾಡಿದವನಿಂದ ಜಫ್ತಿ ಮಾಡಿದ್ದು ಎಂದು ತೋರಿಸಲು ಆ ವಾಕ್ಯ ಬೇಕಿತ್ತು. ಕಂಪೆನಿಯ ಪಾಲಿನ ಪಟ್ಟಿಯಲ್ಲಿ ಕೆನರಾ ಸೇರಿತು, ಅದರ ಜತೆಗೆ ಇಂದಿನ ಕಾಸರಗೋಡೂ. ಮೊದಲ ಕಲೆಕ್ಟರನಾಗಿ ಥಾಮಸ್ ಮನ್ರೋ ಬಂದ.

ಅಂದರೆ ಟಿಪ್ಪು ತಪ್ಪು ಮಾಡಿರಲಿಲ್ಲವೇ?

ಈ ಪ್ರಶ್ನೆ ಬಂತೆಂದರೆ ವಾಚನಾಲಯದಲ್ಲಿ ಸ್ವರ ಏರುತ್ತದೆ, ಆದ್ದರಿಂದ ಒಂದೊಂದಾಗಿ ಹೇಳುತ್ತೇನೆ. ಟಿಪ್ಪು ಫ್ರೆಂಚರ ನೆರವು ಕೇಳಿದ್ದು ನಿಜ. ಮಾರಿಷಸ್‌ನ ಗವರ್ನರ್ ಮಲಾರ್ತಿಕ್ 1798ರ ಜನವರಿಯಲ್ಲಿ ಅದನ್ನು ಗುಟ್ಟಾಗಿ ಇಡುವ ಬದಲು ಡಂಗುರ ಹೊಡೆಸಿದ. ಸ್ವಯಂಸೇವಕರು ಏಪ್ರಿಲಿನಲ್ಲಿ ಮಂಗಳೂರು ಬಂದರಿನಲ್ಲಿ ಇಳಿದದ್ದೂ ನಿಜ. ಎಷ್ಟು ಮಂದಿ? ಸುಮಾರು ನೂರು. ಒಪ್ಪಂದದ "ಫ್ರೆಂಚ್ ಪಡೆ" ಎಂದರೆ ಇದೇ. "ಪ್ರಚೋದನೆಯೇ ಇಲ್ಲದೆ" ಎಂಬ ಮಾತು 1792ರಲ್ಲಿ ಅರ್ಧ ರಾಜ್ಯ ಕಳೆದುಕೊಂಡವನ ಕಿವಿಗೆ ಹೇಗೆ ಕೇಳಿಸುತ್ತಿತ್ತೋ. ಕೇಳಿಸುವ ಅವಕಾಶವೇ ಇರಲಿಲ್ಲ ಬಿಡಿ; ಅವನು ಸತ್ತದ್ದು ಮೇ 4ರಂದು, ಒಪ್ಪಂದ ಆದದ್ದು ಸರಿಯಾಗಿ ಏಳು ವಾರದ ನಂತರ. ಆರೋಪಿ ಇಲ್ಲ, ಅವನ ಕಡೆಯ ವಕೀಲನೂ ಇಲ್ಲ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಚರ್ಚೆ ಬೇರೆ, ಅದಕ್ಕೆ ಈ ಪೀಠಿಕೆಯನ್ನು ಸಾಕ್ಷಿಯಾಗಿ ತರಬೇಡಿ ಎಂದಷ್ಟೇ ನನ್ನ ಮಾತು.

ತಾಳಮದ್ದಳೆಯಲ್ಲಿ ಕೌರವ "ಸಂಧಿಗೆಂದು ಬಂದವನೇ ಯುದ್ಧ ಬಯಸಿದವನು" ಎಂದು ಕೃಷ್ಣನ ಮೇಲೆ ಹಾಕುತ್ತಾನಲ್ಲ. ಆ ವಾದ ಇಲ್ಲಿಗೂ ಹೊಂದುತ್ತದೆಯೇ?

ಚೆನ್ನಾಗಿ ಹೊಂದುತ್ತದೆ. ಉದ್ಯೋಗಪರ್ವದಲ್ಲಿ ಕೃಷ್ಣ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ: ಸಂಧಿಯಾದರೆ ಒಳ್ಳೆಯದು, ಆಗದಿದ್ದರೆ ಲೋಕದ ಅಪವಾದವಾದರೂ ನಮ್ಮ ಮೇಲೆ ಬಾರದು. ಐದು ಗ್ರಾಮ ಕೇಳುವುದರಲ್ಲಿ ಶಾಂತಿಯ ಆಸೆಯೂ ಇದೆ, ಆಗದಿದ್ದರೆ ತಪ್ಪು ಆ ಕಡೆಯದೆಂದು ದಾಖಲೆ ಮಾಡುವ ಜಾಣತನವೂ ಇದೆ. ನುರಿತ ಅರ್ಥಧಾರಿಗಳು ರಾತ್ರಿಯಿಡೀ ಈ ಎಳೆಯನ್ನೇ ಜಗ್ಗುತ್ತಾರೆ.

1914ರಲ್ಲೂ ಇದೇ ಆಟ. ಯುದ್ಧ ಶುರುವಾದದ್ದೇ ತಡ, ಜರ್ಮನಿ ಬಿಳಿ ರಟ್ಟಿನಲ್ಲಿ, ಬ್ರಿಟನ್ ನೀಲಿಯಲ್ಲಿ, ರಷ್ಯಾ ಕಿತ್ತಳೆಯಲ್ಲಿ, ಫ್ರಾನ್ಸ್ ಹಳದಿಯಲ್ಲಿ, ಆಸ್ಟ್ರಿಯ ಕೆಂಪಿನಲ್ಲಿ ತಂತಮ್ಮ ಪತ್ರವ್ಯವಹಾರ ಅಚ್ಚು ಹಾಕಿಸಿದವು. ತನಗೆ ತೊಡಕಾಗುವ ಪತ್ರಗಳನ್ನು ಆಯ್ದು ಬಿಟ್ಟು. ತಪ್ಪಿನ ಪಟ್ಟಿ ಕೊನೆಗೆ ಸಹಿಯಾಗುವುದು ಒಪ್ಪಂದದಲ್ಲಾದರೂ ಕರಡು ಯುದ್ಧಕ್ಕೆ ಮೊದಲೇ ತಯಾರಿರುತ್ತದೆ.

ಜರ್ಮನಿಯ ಚಕ್ರವರ್ತಿ ಕೈಸರನನ್ನು ಗಲ್ಲಿಗೇರಿಸಲಿಲ್ಲ ಏಕೆ?

ವರ್ಸೈ ಒಪ್ಪಂದದ 227ನೇ ಕಲಮು ಅವನನ್ನು ಅಂತಾರಾಷ್ಟ್ರೀಯ ನೀತಿಗೂ ಒಪ್ಪಂದಗಳ ಪಾವಿತ್ರ್ಯಕ್ಕೂ ಬಗೆದ ಮಹಾದ್ರೋಹಕ್ಕಾಗಿ ವಿಚಾರಣೆಗೆ ಕರೆಯಿತು. ಅವನು ಓಡಿಹೋಗಿದ್ದ ನೆದರ್ಲೆಂಡ್ಸ್ ಒಪ್ಪಿಸಲು ನಿರಾಕರಿಸಿತು. ಅಲ್ಲೇ ಇದ್ದು 1941ರಲ್ಲಿ ತೀರಿಕೊಂಡ.

ಎರಡನೇ ಮಹಾಯುದ್ಧದ ನಂತರ ಏನು ಬರೆದರು?

ಪಾಠ ಕಲಿತಿದ್ದರು ಎನ್ನಬೇಕು. ಒಪ್ಪಂದದ ವಾಕ್ಯದಿಂದ ತಪ್ಪನ್ನು ತೆಗೆದು ನ್ಯಾಯಾಲಯಕ್ಕೆ ಕೊಟ್ಟರು. ನಾಜಿ ನಾಯಕರನ್ನು ವಿಚಾರಿಸಿದ ನ್ಯೂರೆಂಬರ್ಗಿನ 1946ರ ತೀರ್ಪು ಆಕ್ರಮಣಕಾರಿ ಯುದ್ಧವನ್ನು ಅಪರಾಧ ಎಂದದ್ದು ಹೆಸರು ಹಿಡಿದು ಮನುಷ್ಯರ ಮೇಲೆ, ಇಡೀ ಜನಾಂಗದ ಮೇಲಲ್ಲ. ಯುದ್ಧವನ್ನು ತ್ಯಜಿಸುತ್ತೇವೆಂದು 1928ರಲ್ಲಿ ಜರ್ಮನಿಯೂ ಸಹಿ ಹಾಕಿದ್ದ ಒಪ್ಪಂದ ಅದಕ್ಕೆ ಆಧಾರವಾಯಿತು.

1947ರ ಇಟಲಿಯ ಒಪ್ಪಂದದಲ್ಲಿ ಹೊಣೆಯ ಮಾತು ಇದೆ, ಆದರೆ ಎಷ್ಟು ಅಳೆದು ತೂಗಿ! ಫ್ಯಾಸಿಸ್ಟ್ ಆಡಳಿತದ ಕಾಲದಲ್ಲಿ ಇಟಲಿ ಆಕ್ರಮಣದ ಯುದ್ಧಕ್ಕಿಳಿಯಿತು, ಯುದ್ಧದ ಹೊಣೆಯಲ್ಲಿ "ತನ್ನ ಪಾಲನ್ನು" ಹೊರುತ್ತದೆ ಎಂದು. ಆಡಳಿತ ಬೇರೆ, ದೇಶ ಬೇರೆ ಎನ್ನುವ ಸಂದು ಬಿಟ್ಟಿದ್ದಾರೆ. 1951ರ ಸ್ಯಾನ್ ಫ್ರಾನ್ಸಿಸ್ಕೋ ಒಪ್ಪಂದದಲ್ಲಿ ಜಪಾನಿನ ಮೇಲೆ 231ರಂಥ ಕಲಮೇ ಇಲ್ಲ. ಜಪಾನಿನ ನಾಯಕರನ್ನು ವಿಚಾರಿಸಿದ ಟೋಕಿಯೋ ನ್ಯಾಯಮಂಡಳಿಯ ತೀರ್ಪನ್ನು ಒಪ್ಪುತ್ತೇನೆ ಎಂದು ಜಪಾನ್ ಹೇಳಿತು, ಅಷ್ಟೇ. ಆ ನ್ಯಾಯಮಂಡಳಿಯಲ್ಲಿ ಎಲ್ಲ ಆರೋಪಿಗಳೂ ನಿರ್ದೋಷಿಗಳು ಎಂದು ಭಿನ್ನ ತೀರ್ಪು ಬರೆದವರು ನಮ್ಮ ರಾಧಾಬಿನೋದ್ ಪಾಲ್. ಭಾರತ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗದೆ 1952ರ ಜೂನ್ 9ರಂದು ಜಪಾನಿನ ಜತೆ ಬೇರೆಯೇ ಒಪ್ಪಂದ ಮಾಡಿಕೊಂಡು ಪರಿಹಾರದ ಹಕ್ಕನ್ನು ಪೂರ್ತಿ ಬಿಟ್ಟುಕೊಟ್ಟಿತು.

ತಾಷ್ಕೆಂಟ್, ಶಿಮ್ಲಾ ಒಪ್ಪಂದಗಳಲ್ಲಿ ಪಾಕಿಸ್ತಾನದ ತಪ್ಪು ಬರೆದಿದೆಯೇ?

ನೇರವಾಗಿ ಇಲ್ಲ. ಆದರೆ 1966ರ ಜನವರಿ 10ರ ತಾಷ್ಕೆಂಟ್ ಘೋಷಣೆಯಲ್ಲಿ ಒಂದು ತಾರೀಖಿದೆ: ಎರಡೂ ಸೈನ್ಯಗಳು 1965ರ ಆಗಸ್ಟ್ 5ಕ್ಕೆ ಮೊದಲು ಇದ್ದ ಜಾಗಕ್ಕೆ ಮರಳಬೇಕು. ಭಾರತದ ಸೈನ್ಯ ಲಾಹೋರ್ ಕಡೆ ಗಡಿ ದಾಟಿದ್ದು ಸೆಪ್ಟೆಂಬರ್ 6ರಂದು. ಆಗಸ್ಟ್ 5 ಎಂದರೆ ಕಾಶ್ಮೀರಕ್ಕೆ ನುಸುಳಿದವರು ಕಣ್ಣಿಗೆ ಬಿದ್ದ ದಿನ. ನನ್ನ ಓದಿನಲ್ಲಿ, ಯಾರು ಶುರುಮಾಡಿದರು ಎಂಬುದಕ್ಕೆ ಭಾರತದ ಉತ್ತರ ಆ ತಾರೀಖಿನೊಳಗೆ ಕೂತಿದೆ.

1971ರ ಯುದ್ಧದ ನಂತರದ, 1972ರ ಶಿಮ್ಲಾದಲ್ಲಿ ಅಂಥ ಸುಳಿವೂ ಇಲ್ಲ. 1974ರ ಏಪ್ರಿಲಿನ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಒಪ್ಪಂದದಲ್ಲಿ, ನಡೆದಿರಬಹುದಾದ ಅಪರಾಧಗಳನ್ನು ಖಂಡಿಸುತ್ತೇವೆ, ವಿಷಾದಿಸುತ್ತೇವೆ ಎಂದು ಪಾಕಿಸ್ತಾನ ಹೇಳಿದ್ದು ದಾಖಲಾಗಿದೆ. "ನಡೆದಿರಬಹುದಾದ"! ಆ ಒಂದು ಪದಕ್ಕೆ ಎಷ್ಟು ಹೊತ್ತು ಎಳೆದಾಡಿರಬೇಡ.

1990ರಲ್ಲಿ ಕುವೈತಿನಿಂದ ಬರಿಗೈಯಲ್ಲಿ ಬಂದ ನನ್ನ ಅಣ್ಣನಿಗೆ ವರ್ಷಗಳ ನಂತರ ಡಾಲರ್ ಲೆಕ್ಕದಲ್ಲಿ ಪರಿಹಾರ ಬಂತು. ಅದೂ ಇದೇ ಬಗೆಯದ್ದೋ?

ಅದೇ. ಈ ಪ್ರಶ್ನೆ ಕೇಳಿದವರು ಚೆರ್ಕಳದ ಕಡೆಯವರು; 231ನೇ ಕಲಮಿನ ಮೊಮ್ಮಗ ನಮ್ಮೂರಿನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇರುತ್ತಾನೆಂದು ನನಗೂ ಆವರೆಗೆ ಹೊಳೆದಿರಲಿಲ್ಲ. 1991ರ ಏಪ್ರಿಲ್ 3ರ ಭದ್ರತಾ ಮಂಡಳಿಯ 687ನೇ ನಿರ್ಣಯ, ಕುವೈತಿನ ಮೇಲಿನ ಅಕ್ರಮ ದಾಳಿಯಿಂದ ನೇರವಾಗಿ ಆದ ನಷ್ಟಕ್ಕೆ ಇರಾಕ್ ಹೊಣೆ ಎಂದಿತು. ಇರಾಕಿನ ಎಣ್ಣೆ ಮಾರಾಟದ ಒಂದು ಪಾಲನ್ನು ಹಿಡಿದು ಒಟ್ಟು 5,240 ಕೋಟಿ ಡಾಲರ್ ಹಂಚಿದರು. ಕೊನೆಯ ಕಂತು 2022ರ ಜನವರಿಯಲ್ಲಿ. ಒಂದು ಮುಖ್ಯ ವ್ಯತ್ಯಾಸ ಉಂಟು. ವರ್ಸೈ ದುಡ್ಡು ಸರ್ಕಾರಗಳಿಗೆ ಹೋಯಿತು. ಇಲ್ಲಿ ಕೆಲಸ ಬಿಟ್ಟು ಓಡಿಬಂದ ಬಡಪಾಯಿಗಳ ಅರ್ಜಿಗೆ ಕಂಪೆನಿಗಳ ಅರ್ಜಿಗಿಂತ ಮೊದಲ ಸರತಿ ಸಿಕ್ಕಿತು.

ಗೆದ್ದವರೇ ಬರೆಯದೆ, ಪಕ್ಷಪಾತವಿಲ್ಲದೆ ತಪ್ಪು ಯಾರದೆಂದು ತೀರ್ಮಾನಿಸಿದ ಉದಾಹರಣೆ ಇದೆಯೇ?

ಆಫ್ರಿಕದ ನೆರೆಹೊರೆಯ ದೇಶಗಳಾದ ಎರಿಟ್ರಿಯ ಮತ್ತು ಇಥಿಯೋಪಿಯ. 2000ದ ಡಿಸೆಂಬರ್ 12ರ ಅಲ್ಜಿಯರ್ಸ್ ಒಪ್ಪಂದದಲ್ಲಿ ಇಬ್ಬರೂ ತಪ್ಪಿನ ಮಾತು ಬರೆಯದೆ ಗಡಿಗೆ ಒಂದು ಆಯೋಗ, ಪರಿಹಾರಕ್ಕೆ ಇನ್ನೊಂದು ಆಯೋಗ ಎಂದು ಹಂಚಿಬಿಟ್ಟರು. 2002ರಲ್ಲಿ ಗಡಿ ಆಯೋಗ ಹೇಳಿತು: ಜಗಳದ ಮೂಲವಾದ ಬಾದ್ಮೆ ಎಂಬ ಊರು ಎರಿಟ್ರಿಯದ್ದು. 2005ರಲ್ಲಿ ಪರಿಹಾರ ಆಯೋಗ ಹೇಳಿತು: 1998ರ ಮೇ 12ರಂದು ಅದೇ ಬಾದ್ಮೆಗೆ ಸೈನ್ಯ ನುಗ್ಗಿಸಿದ್ದು ಎರಿಟ್ರಿಯದ ಕಾನೂನುಭಂಗ. ನೆಲ ನಿನ್ನದೇ, ಆದರೆ ಶುರುಮಾಡಿದ ತಪ್ಪೂ ನಿನ್ನದೇ. 2009ರಲ್ಲಿ ಲೆಕ್ಕ ಮುಗಿಸುವಾಗ ಇಥಿಯೋಪಿಯಕ್ಕೆ ಸುಮಾರು 17.4 ಕೋಟಿ ಡಾಲರ್, ಎರಿಟ್ರಿಯಕ್ಕೆ ಸುಮಾರು 16.3 ಕೋಟಿ ಎಂದಿತು.

ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಪ್ರಾಮಾಣಿಕ ದಾಖಲೆ ಇದು, ಇಬ್ಬರಿಗೂ ಸಮಾಧಾನ ಆಗಲಿಲ್ಲ ಎಂಬುದೇ ಅದಕ್ಕೆ ಗುರುತು. ಬಾದ್ಮೆ ತೀರ್ಪನ್ನು ಪೂರ್ತಿ ಒಪ್ಪಲು ಇಥಿಯೋಪಿಯ 2018ರ ತನಕ ಕಾಯಿಸಿತು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದಕ್ಕೂ ಹೀಗೆ ಯಾರನ್ನಾದರೂ ಹೊಣೆ ಮಾಡಿದ ದಾಖಲೆ ಇದೆಯೇ?

ಇಲ್ಲ. ಅದು ಯುದ್ಧವಲ್ಲ, ಸಂಸತ್ತಿನ ಕಾಯಿದೆ. ಕಾಯಿದೆಗೆ ಗಡಿ ಗೊತ್ತು, ತಪ್ಪು ಗೊತ್ತಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಹೇಳಿದ ಮಹಾಜನ್ ಆಯೋಗದ್ದೂ ಶಿಫಾರಸು ಮಾತ್ರ. ಈ ವಿಷಯಕ್ಕೆ ಬೇರೆ ದಿನ ಕೂರೋಣ, ಚಾ ಜಾಸ್ತಿ ಬೇಕಾದೀತು.

ಪರೀಕ್ಷೆಯಲ್ಲಿ ಬಂದರೆ 231ಕ್ಕೆ "ಯುದ್ಧಾಪರಾಧದ ಕಲಮು" ಎಂದೇ ಬರೆಯಬೇಕೇ?

ಬಿಟ್ಟಸ್ಥಳ ತುಂಬುವುದಾದರೆ ಹಾಗೇ ಬರೆಯಿರಿ, ಅಂಕ ಕಳೆದುಕೊಳ್ಳಬೇಡಿ. ಐದು ಅಂಕದ ಪ್ರಶ್ನೆಯಾದರೆ "ಹೊಣೆ" ಎಂದು ಬರೆದು, ಪಕ್ಕದ 232ನ್ನೂ ಒಂದು ಸಾಲಿನಲ್ಲಿ ಸೇರಿಸಿ. ತಿದ್ದುವವರು ಇತಿಹಾಸದವರಾದರೆ ಅರ್ಧ ಅಂಕ ಹೆಚ್ಚು ಹಾಕಿಯಾರು. ನಾನಾದರೆ ಒಂದು ಹಾಕುತ್ತಿದ್ದೆ.